ಸಾಲ್ವರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು? ಆಪ್ಟಿಮೈಸೇಶನ್ ಲೆಕ್ಕಗಳ ದೋಷ ನಿವಾರಣೆ ಕೈಪಿಡಿ

ಆಪ್ಟಿಮೈಸೇಶನ್ ಅಂದರೆ ಇರುವ ಮಿತಿಗಳೊಳಗೆ ಅತಿ ಒಳ್ಳೆಯ ಉತ್ತರ ಹುಡುಕುವ ಲೆಕ್ಕ. ಅದನ್ನು ಬಿಡಿಸುವ ಪ್ರೋಗ್ರಾಂ ಸಾಲ್ವರ್. ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾದರೆ ಸಾಕು, ಈ ಮಾತುಗಳು ಕೇಳಿಬರುತ್ತವೆ. "ಸರ್, ಇನ್‌ಫೀಸಿಬಲ್ ಅಂತ ಬರ್ತಿದೆ." "ಪ್ರತಿ ಸಲ ಬೇರೆ ಉತ್ತರ ಬರ್ತಿದೆ." "ರಾತ್ರಿಯೆಲ್ಲ ಓಡಿಸಿದೆ, ಇನ್ನೂ ಮುಗಿದಿಲ್ಲ." ಪ್ರಾಜೆಕ್ಟಿನ ವಿಷಯ ಭದ್ರಾ ನಾಲೆಯ ನೀರು ಹಂಚಿಕೆ ಇರಬಹುದು, ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳ ಜಾಗ ಇರಬಹುದು, ಹನಿ ನೀರಾವರಿ ಪೈಪಿನ ಅಳತೆಯೋ ಪಶು ಆಹಾರದ ಮಿಶ್ರಣವೋ ಇರಬಹುದು. ಕಾಣಿಸಿಕೊಳ್ಳುವ ಲಕ್ಷಣಗಳು ಮಾತ್ರ ಎಲ್ಲ ಕಡೆ ಅವೇ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವುದು ವಿಧಾನ ಬದಲಾಯಿಸುವುದು. ಸಿಂಪ್ಲೆಕ್ಸ್ ಬಿಟ್ಟು ಜೆನೆಟಿಕ್ ಅಲ್ಗಾರಿದಮ್ ಹಿಡಿಯುತ್ತಾರೆ, ಅದೂ ಆಗದಿದ್ದರೆ ಇನ್ನೊಂದು. ನಾನು ನೋಡಿದ ಮಟ್ಟಿಗೆ ದೋಷ ಅಲ್ಲಿರುವುದು ಕಡಿಮೆ. ಲೆಕ್ಕವನ್ನು ಬರೆದಿರುವ ರೀತಿಯಲ್ಲೇ ಜಾಸ್ತಿ ಇರುತ್ತದೆ. ನೀವು ಬರೆದ ಪ್ರಶ್ನೆಗೆ ಸಾಲ್ವರ್ ಉತ್ತರ ಕೊಡುತ್ತದೆ. ನಿಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಇಲ್ಲಿನ ಪರೀಕ್ಷೆಗಳು ಪೆನ್ನು, ಹಾಳೆಯಿಂದ ಶುರುವಾಗುತ್ತವೆ. ವಿಧಾನ ಬದಲಾಯಿಸುವ ಮಾತು ಕೊನೆಗೆ.

ಎಲ್ಲಕ್ಕಿಂತ ಮೊದಲು: ಕೈಯಲ್ಲೇ ಬಿಡಿಸಬಹುದಾದ ಒಂದು ಲೆಕ್ಕ

ನಿಮ್ಮ ಮಾದರಿ ಎಷ್ಟೇ ದೊಡ್ಡದಿರಲಿ, ಅದರ ಮರಿ ರೂಪ ಒಂದನ್ನು ಮಾಡಿಕೊಳ್ಳಿ. ಎರಡು ಚರ (ಲೆಕ್ಕ ಹುಡುಕಬೇಕಾದ ಅಂಕಿ), ಎರಡು ನಿರ್ಬಂಧ (ಉತ್ತರ ಪಾಲಿಸಬೇಕಾದ ಷರತ್ತು) ಸಾಕು.

ಉದಾಹರಣೆಗೆ ಪಶು ಆಹಾರ. ದಾವಣಗೆರೆ ಸೀಮೆಯ ಮೆಕ್ಕೆಜೋಳ, ಚಳ್ಳಕೆರೆ ಎಣ್ಣೆ ಗಿರಣಿಗಳ ಶೇಂಗಾ ಹಿಂಡಿ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ. 9, ಹಿಂಡಿಯಲ್ಲಿ ಶೇ. 45 ಅಂತ ಇಟ್ಟುಕೊಳ್ಳೋಣ. ಬೆಲೆ ಕೆಜಿಗೆ 24 ಮತ್ತು 45 ರೂಪಾಯಿ ಅನ್ನೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಬೆಲೆ, ಮಾರುಕಟ್ಟೆ ದರ ಅಲ್ಲ. ಒಟ್ಟು 100 ಕೆಜಿ ಮಿಶ್ರಣ ಬೇಕು, ಪ್ರೋಟೀನ್ ಕನಿಷ್ಠ ಶೇ. 18 ಇರಬೇಕು, ಖರ್ಚು ಆದಷ್ಟು ಕಡಿಮೆ ಆಗಬೇಕು.

ಹಿಂಡಿ ದುಬಾರಿ, ಹಾಗಾಗಿ ಬೇಕಾದಷ್ಟೇ ಹಾಕುತ್ತೇವೆ. ಬರೀ ಮೆಕ್ಕೆಜೋಳ ಹಾಕಿದರೆ 9 ಬರುತ್ತದೆ. ಒಂದು ಕೆಜಿ ಮೆಕ್ಕೆಜೋಳ ತೆಗೆದು ಒಂದು ಕೆಜಿ ಹಿಂಡಿ ಹಾಕಿದರೆ 0.36 ಏರುತ್ತದೆ. ಇನ್ನೂ 9 ಏರಬೇಕು, ಅಂದರೆ ಹಿಂಡಿ 25 ಕೆಜಿ, ಮೆಕ್ಕೆಜೋಳ 75 ಕೆಜಿ. ಖರ್ಚು 2925 ರೂಪಾಯಿ. ನಿಮ್ಮ ಪ್ರೋಗ್ರಾಂ ಈ ಮರಿ ಲೆಕ್ಕಕ್ಕೆ 25 ಮತ್ತು 75 ಕೊಡದಿದ್ದರೆ ದೊಡ್ಡ ಲೆಕ್ಕವನ್ನು ಮುಟ್ಟಬೇಡಿ. ಕೆಳಗಿನ ಬಹುತೇಕ ದೋಷಗಳನ್ನು ಇದೇ ಲೆಕ್ಕದಲ್ಲಿ ಬೇಕಂತಲೇ ಹುಟ್ಟಿಸಿ ತೋರಿಸಬಹುದು.

ಇನ್ನೊಂದು ಮಾತು. ಉತ್ತರದ ಅಂಕಿ ನೋಡುವ ಮೊದಲು ಸ್ಟೇಟಸ್ ಸಾಲು ಓದಿ. ಲೀನಿಯರ್ ಲೆಕ್ಕಗಳಿಗೆ, ಅಂದರೆ ಚರಗಳನ್ನು ಬರೀ ಅಂಕಿಯಿಂದ ಗುಣಿಸಿ ಕೂಡಿಸುವ ಲೆಕ್ಕಗಳಿಗೆ, ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಲಿನ್‌ಪ್ರಾಗ್ ಅನ್ನುವ ಸಾಲ್ವರ್ ಇದೆ. ಅದರಲ್ಲಿ 0 ಅಂದರೆ ಸರಿಯಾಗಿ ಮುಗಿದಿದೆ, 1 ಅಂದರೆ ಸುತ್ತುಗಳ ಮಿತಿ ಮುಗಿದಿದೆ, 2 ಅಂದರೆ ಇನ್‌ಫೀಸಿಬಲ್ (ಎಲ್ಲ ನಿರ್ಬಂಧ ಪಾಲಿಸುವ ಉತ್ತರವೇ ಇಲ್ಲ), 3 ಅಂದರೆ ಅನ್‌ಬೌಂಡೆಡ್ (ಮೊತ್ತಕ್ಕೆ ತಡೆಯೇ ಇಲ್ಲ), 4 ಅಂದರೆ ಅಂಕಿಗಳ ತೊಂದರೆ. ಸ್ಟೇಟಸ್ 0 ಅಲ್ಲದಿದ್ದಾಗ ಪಕ್ಕದಲ್ಲಿ ಅಂಕಿ ಏನಾದರೂ ಇದ್ದರೂ ಅದನ್ನು ಉತ್ತರ ಅಂತ ವರದಿಯಲ್ಲಿ ಹಾಕಬೇಡಿ.

ಲಕ್ಷಣ: ಉತ್ತರ ಬಂತು, ಆದರೆ ನೋಡಿದರೇ ಗೊತ್ತಾಗುತ್ತೆ ತಪ್ಪು ಅಂತ

ಎಲ್ಲ ಚರಗಳೂ ಸೊನ್ನೆ ಬಂದರೆ, "ಇಷ್ಟು ಮಾಡಲೇಬೇಕು" ಅನ್ನುವ ನಿರ್ಬಂಧ ಬಿಟ್ಟುಹೋಗಿದೆ ಅಂತ ತಿಳಿಯಿರಿ. ನಮ್ಮ ಲೆಕ್ಕದಲ್ಲಿ "ಒಟ್ಟು 100 ಕೆಜಿ" ಅನ್ನುವುದು ಬಿಟ್ಟುಹೋಗಿ, ಪ್ರೋಟೀನನ್ನು ಒಟ್ಟು ತೂಕದ ಪಾಲಾಗಿ ಬರೆದಿದ್ದರೆ ಏನೂ ಮಾಡದಿರುವುದೇ ಅಗ್ಗ. ಸಾಲ್ವರ್ ಅದನ್ನೇ ಹೇಳುತ್ತದೆ. ಎರಡನೇ ಸಾಧ್ಯತೆ, ಲಾಭ ಹೆಚ್ಚಿಸುವ ಲೆಕ್ಕವನ್ನು ಕಡಿಮೆ ಮಾಡಲು ಕೊಟ್ಟಿರುವುದು. ಲಿನ್‌ಪ್ರಾಗ್‌ಗೆ ಕಡಿಮೆ ಮಾಡುವುದು ಮಾತ್ರ ಗೊತ್ತು. ಹೆಚ್ಚಿಸಬೇಕಿದ್ದರೆ ಗುರಿಯ (ಕಡಿಮೆ ಅಥವಾ ಹೆಚ್ಚು ಮಾಡಬೇಕಾದ ಮೊತ್ತದ) ಎಲ್ಲ ಅಂಕಿಗಳನ್ನೂ ಮೈನಸ್ ಮಾಡಿ ಕೊಡಬೇಕು. ಬಂದ ಮೊತ್ತವನ್ನು ಮತ್ತೆ ಮೈನಸ್ ಮಾಡಿ ಓದಬೇಕು.

ಮೈನಸ್ 12 ಕೆಜಿ ಮೆಕ್ಕೆಜೋಳ ಅಂತ ಬಂದರೆ ಕೆಳಮಿತಿ ನೋಡಿ. ಸೈಪೈಯ ಲಿನ್‌ಪ್ರಾಗ್ ನೀವು ಹೇಳದಿದ್ದರೂ ಚರಗಳು ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ ಇಟ್ಟುಕೊಳ್ಳುತ್ತದೆ. ಮ್ಯಾಟ್‌ಲ್ಯಾಬಿನ ಲಿನ್‌ಪ್ರಾಗ್ ಹಾಗೆ ಇಟ್ಟುಕೊಳ್ಳುವುದಿಲ್ಲ. ಹೆಸರು ಒಂದೇ, ನಡವಳಿಕೆ ಬೇರೆ. ಒಂದರಿಂದ ಇನ್ನೊಂದಕ್ಕೆ ಕೋಡ್ ದಾಟಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಎಕ್ಸೆಲ್ ಸಾಲ್ವರ್‌ನಲ್ಲಿ ಇದಕ್ಕೆ ಒಂದು ಟಿಕ್ ಗುರುತಿನ ಚೌಕವಿದೆ, ಅದನ್ನು ನೋಡಿ. ನಿರ್ಬಂಧದ ದಿಕ್ಕಿನಲ್ಲೂ ಇದೇ ಗೊಂದಲ ಉಂಟು. ಲೀನಿಯರ್ ಅಲ್ಲದ ಲೆಕ್ಕಗಳ ಎರಡು ಸಾಲ್ವರ್ ನೋಡಿ. ಮ್ಯಾಟ್‌ಲ್ಯಾಬಿನ ಎಫ್‌ಮಿನ್‌ಕಾನ್‌ಗೆ ನಿರ್ಬಂಧದ ಸೂತ್ರದ ಮೌಲ್ಯ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಸೈಪೈಯ ಎಸ್‌ಎಲ್‌ಎಸ್‌ಕ್ಯೂಪಿಗೆ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಇರಬೇಕು.

ಇನ್ನು ಬರೀ ಮೆಕ್ಕೆಜೋಳ 100 ಕೆಜಿ, ಹಿಂಡಿ ಸೊನ್ನೆ ಅಂತ ಬಂತು ಅನ್ನಿ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಪ್ರೋಟೀನ್ ಅಂಶವನ್ನು 9, 45 ಅಂತ ಬರೆದು, ಬೇಕಾದ ಮಟ್ಟವನ್ನು 0.18 ಅಂತ ಬರೆದಿದ್ದೀರಿ. ಇನ್ನೊಂದು, "ಕನಿಷ್ಠ" ಅನ್ನಬೇಕಾದ ಕಡೆ "ಗರಿಷ್ಠ" ಆಗಿದೆ. ಬೇರ್ಪಡಿಸುವುದು ಸುಲಭ. ಬಂದ ಉತ್ತರವನ್ನು ನಿರ್ಬಂಧದೊಳಗೆ ಕೈಯಲ್ಲೇ ಹಾಕಿ ನೋಡಿ. ಎಡಕ್ಕೆ 9, ಬಲಕ್ಕೆ 0.18 ಕಂಡರೆ ಅಳತೆಮಾನದ ತಪ್ಪು. ಎಡಕ್ಕೆ 9, ಬಲಕ್ಕೆ 18 ಇದ್ದೂ ನಿರ್ಬಂಧ ಪಾಲನೆಯಾಗಿದೆ ಅಂದರೆ ದಿಕ್ಕಿನ ತಪ್ಪು. ಇದನ್ನೇ ಉಲ್ಟಾ ಮಾಡಿ, ಅಂಶವನ್ನು 0.09 ಅಂತಲೂ ಬೇಕಾದದ್ದನ್ನು 18 ಅಂತಲೂ ಬರೆದರೆ ಇನ್‌ಫೀಸಿಬಲ್ ಬರುತ್ತದೆ. ಕೆಜಿ ಮತ್ತು ಕ್ವಿಂಟಲ್, ಲೀಟರ್ ಮತ್ತು ಘನ ಮೀಟರ್, ಎಕರೆ ಮತ್ತು ಹೆಕ್ಟೇರ್ ಬೆರೆತಾಗಲೂ ಇದೇ ಕತೆ. ಪ್ರತಿ ಚರದ ಪಕ್ಕ ಅಳತೆಮಾನ ಬರೆದಿಡುವುದಕ್ಕಿಂತ ಅಗ್ಗದ ಔಷಧಿ ಇಲ್ಲ.

ಎಚ್ಚರಿಕೆ. ಇದೇ ಮಿಶ್ರಣದ ಪಟ್ಟಿಗೆ ಯಾರೋ ಯೂರಿಯಾ ಸೇರಿಸಿದರು ಅನ್ನಿ. ಯೂರಿಯಾದಲ್ಲಿ ಸಾರಜನಕ ಶೇ. 46. ಕಚ್ಚಾ ಪ್ರೋಟೀನ್ ಲೆಕ್ಕ ಹಾಕಲು ಅದನ್ನು 6.25ರಿಂದ ಗುಣಿಸುವುದು ರೂಢಿ. ಶೇ. 287 ಪ್ರೋಟೀನ್ ಅಂತ ಆಗುತ್ತದೆ! ಸಾಲ್ವರ್ ಹಿಂಡಿಯನ್ನು ಪೂರ್ತಿ ಬಿಟ್ಟು, 100 ಕೆಜಿಗೆ ಮೂರು ಕೆಜಿಗಿಂತ ಜಾಸ್ತಿ ಯೂರಿಯಾ ಹಾಕಿ ಅನ್ನುತ್ತದೆ. ಗಣಿತದಲ್ಲಿ ಅದು ಸರಿ. ಕೊಟ್ಟಿಗೆಯಲ್ಲಿ ದನ ಸಾಯಬಹುದು. ಯೂರಿಯಾ ವಿಷ ಏರಿದರೆ ಅಮೋನಿಯಾ ರಕ್ತಕ್ಕೆ ಸೇರಿ ಸಾವು ಬೇಗ ಬರುತ್ತದೆ. ಅಪಾಯದ ಪ್ರತಿ ವಸ್ತುವಿಗೂ ಮೇಲ್ಮಿತಿ ಇರಲೇಬೇಕು. ಆ ಮಿತಿ ಎಷ್ಟು ಅಂತ ಪಶುವೈದ್ಯರು ಹೇಳಬೇಕು, ಮಾದರಿ ಬರೆದವರಲ್ಲ. ಹಿಂಡಿಯಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಸೇರುವ ಅಪಾಯಕ್ಕೂ ಇದೇ ಮಾತು.

ಲಕ್ಷಣ: "ಇನ್‌ಫೀಸಿಬಲ್" ಅಂತ ಬರುತ್ತಿದೆ

ಎಲ್ಲ ನಿರ್ಬಂಧಗಳನ್ನೂ ಒಟ್ಟಿಗೆ ಪಾಲಿಸುವ ಒಂದೇ ಒಂದು ಉತ್ತರವೂ ಇಲ್ಲ ಅಂತ ಇದರ ಅರ್ಥ. ಇಲ್ಲಿ ವಿಧಾನ ಬದಲಾಯಿಸಿ ಉಪಯೋಗವಿಲ್ಲ. ಲೀನಿಯರ್ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ.

ಮೊದಲು ನಿಮ್ಮ ಸಾಮಾನ್ಯ ಜ್ಞಾನದಿಂದ ಒಂದು ಉತ್ತರ ಬರೆಯಿರಿ. ಚೆನ್ನಾಗಿರಬೇಕಿಲ್ಲ, ಸಾಧ್ಯವಾಗುವಂಥದ್ದಾದರೆ ಸಾಕು. ಅದನ್ನು ಪ್ರತಿ ನಿರ್ಬಂಧದಲ್ಲೂ ಹಾಕಿ. ಎಲ್ಲಿ ಮುರಿಯುತ್ತದೋ ಅಲ್ಲೇ ತಪ್ಪು ಕೂತಿರುತ್ತದೆ. ಅರ್ಧ ಕೇಸುಗಳು ಇಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಅರ್ಧ ನಿರ್ಬಂಧಗಳನ್ನು ತೆಗೆದು ಓಡಿಸಿ. ಉತ್ತರ ಬಂತಾ? ಹಾಗಾದರೆ ತೆಗೆದಿಟ್ಟವುಗಳನ್ನು ಒಂದೊಂದಾಗಿ ವಾಪಸ್ ಸೇರಿಸಿ. ಯಾವುದನ್ನು ಸೇರಿಸಿದಾಗ ಕೆಡುತ್ತದೋ ಅದೂ, ಆಗಲೇ ಒಳಗಿರುವ ಇನ್ಯಾವುದೋ ಒಂದೂ ಜಗಳವಾಡುತ್ತಿವೆ. ಸಾಮಾನ್ಯವಾಗಿ ಜಗಳಕ್ಕೆ ಕನಿಷ್ಠ ಇಬ್ಬರು ಬೇಕು, ಒಂದನ್ನೇ ದೂರಬೇಡಿ. ದೊಡ್ಡ ಸಾಲ್ವರ್‌ಗಳಲ್ಲಿ ಇಂಥ ಜಗಳಗಂಟಿ ಗುಂಪನ್ನು ತಾನೇ ಹುಡುಕಿ ಕೊಡುವ ಸೌಲಭ್ಯ ಇದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಪ್ರತಿ ನಿರ್ಬಂಧಕ್ಕೂ ಒಂದು "ಕೊರತೆ" ಚರ ಸೇರಿಸಿ. ಗುರಿಯಲ್ಲಿ ಆ ಕೊರತೆಗೆ ದೊಡ್ಡ ದಂಡ ಹಾಕಿ. ಈಗ ಲೆಕ್ಕ ಇನ್‌ಫೀಸಿಬಲ್ ಆಗುವುದಿಲ್ಲ. ಬದಲಿಗೆ ಎಲ್ಲಿ, ಎಷ್ಟು ಕೊರತೆ ಅಂತ ಹೇಳುತ್ತದೆ. ನಮ್ಮ ಆಹಾರದ ಲೆಕ್ಕದಲ್ಲಿ ಹಿಂಡಿ 20 ಕೆಜಿಗಿಂತ ಜಾಸ್ತಿ ಸಿಗುವುದಿಲ್ಲ ಅನ್ನಿ. ಆಗ ಪ್ರೋಟೀನ್ 16.2ಕ್ಕೆ ನಿಲ್ಲುತ್ತದೆ. 18 ಕೇಳಿದರೆ ಇನ್‌ಫೀಸಿಬಲ್. ಕೊರತೆ ಚರ ಹಾಕಿದರೆ ಅದು 1.8 ಅಂತ ತೋರಿಸುತ್ತದೆ. ಬರೀ "ಆಗಲ್ಲ" ಅನ್ನುವ ಉತ್ತರಕ್ಕಿಂತ "1.8ರಷ್ಟು ಸಾಲುತ್ತಿಲ್ಲ" ಅನ್ನುವ ಉತ್ತರ ಎಷ್ಟೋ ಪಾಲು ಉಪಯೋಗದ್ದು, ಅಲ್ವಾ?

ಸಮಾನ ಚಿಹ್ನೆಯ ಮೇಲೂ ಒಂದು ಕಣ್ಣಿರಲಿ. ಅಳತೆ ಮಾಡಿ ತಂದ ಅಂಕಿಗಳನ್ನು "ಸರಿಯಾಗಿ ಇಷ್ಟೇ" ಅಂತ ಬರೆದರೆ ಎರಡು ಅಳತೆಗಳ ನಡುವಿನ ಸಣ್ಣ ವ್ಯತ್ಯಾಸವೇ ಲೆಕ್ಕವನ್ನು ಕೆಡಿಸುತ್ತದೆ. ನಾಲೆಯ ಮೇಲ್ಭಾಗದಲ್ಲಿ ಅಳೆದ ಹರಿವು, ಕೆಳಭಾಗದಲ್ಲಿ ಅಳೆದ ಹರಿವು, ನಡುವಿನ ಸೋರಿಕೆ ಇವು ಹಾಳೆಯ ಮೇಲೆ ಎಂದಿಗೂ ಪೂರ್ತಿ ತಾಳೆಯಾಗುವುದಿಲ್ಲ. ಅಲ್ಲಿ ಒಂದು ಅಂತರ ಬಿಟ್ಟು ಬರೆಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಇನ್‌ಫೀಸಿಬಲ್ ಅಂತಲೇ ಬಂದರೆ ಅದು ದೋಷವಲ್ಲ, ಅದೇ ಉತ್ತರ. ಇರುವ ನೀರಿಗೆ ಎಲ್ಲರ ಭತ್ತವೂ ಆಗುವುದಿಲ್ಲ ಅಂತ ಲೆಕ್ಕ ಹೇಳುತ್ತಿದೆ. ನಿರ್ಬಂಧ ಸಡಿಲಿಸಿ ಸುಮ್ನೆ ಒಂದು ಉತ್ತರ ಹೊರಡಿಸಬೇಡಿ. ಆ ಕೊರತೆಯನ್ನೇ ವರದಿಯಲ್ಲಿ ಬರೆಯಿರಿ. ಅದು ಪ್ರಾಜೆಕ್ಟಿನ ಮುಖ್ಯ ಫಲಿತಾಂಶ ಆಗಬಹುದು.

ಲಕ್ಷಣ: "ಅನ್‌ಬೌಂಡೆಡ್" ಅಥವಾ ಅಂಕಿ ಆಕಾಶಕ್ಕೆ ಏರುತ್ತಿದೆ

ಇದು ಸುಲಭದ ಕೇಸು. ಯಾವುದೋ ಚರಕ್ಕೆ ತಡೆಯೇ ಇಲ್ಲ. ಎಲ್ಲ ಚರಗಳಿಗೂ ತಾತ್ಕಾಲಿಕವಾಗಿ ಹತ್ತು ಲಕ್ಷದಂಥ ಮೇಲ್ಮಿತಿ ಹಾಕಿ ಓಡಿಸಿ. ಯಾವ ಚರ ಹೋಗಿ ಆ ಮಿತಿಗೆ ತಗಲಿಕೊಂಡು ನಿಲ್ಲುತ್ತದೋ ಅದಕ್ಕೆ ಸಂಬಂಧಿಸಿದ ನಿರ್ಬಂಧ ಬಿಟ್ಟುಹೋಗಿದೆ. ಇಲ್ಲವೇ ಗುರಿಯಲ್ಲಿ ಅದರ ಚಿಹ್ನೆ ತಿರುಗಿದೆ.

ಲಕ್ಷಣ: ಪ್ರತಿ ಸಲ ಬೇರೆ ಉತ್ತರ

ಮೊದಲು ಒಂದನ್ನು ಗಮನಿಸಿ. ಚರಗಳು ಬೇರೆ ಬರುತ್ತಿವೆಯಾ, ಅಥವಾ ಗುರಿಯ ಮೊತ್ತವೂ ಬೇರೆ ಬರುತ್ತಿದೆಯಾ?

ಮೊತ್ತ ಒಂದೇ, ಚರಗಳು ಮಾತ್ರ ಬೇರೆ ಅಂದರೆ ಗಾಬರಿ ಬೇಡ. ಒಂದೇ ಖರ್ಚಿನ ಹಲವು ಉತ್ತರಗಳಿವೆ ಅಂತ ಅರ್ಥ. ಎರಡು ಸಾಲ್ವರ್‌ಗಳು ಇಲ್ಲಿ ಬೇರೆ ಬೇರೆ ಉತ್ತರ ಕೊಡುವುದಕ್ಕೆ ಒಳ್ಳೆಯ ಕಾರಣವಿದೆ. 1947ರಲ್ಲಿ ಜಾರ್ಜ್ ಡಾಂಟ್ಸಿಗ್ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಮೂಲೆಯಿಂದ ಮೂಲೆಗೆ ನಡೆಯುತ್ತದೆ, ಹಾಗಾಗಿ ಯಾವುದಾದರೂ ಮೂಲೆಯಲ್ಲೇ ನಿಲ್ಲುತ್ತದೆ. 1984ರಲ್ಲಿ ನರೇಂದ್ರ ಕರ್ಮಾರ್ಕರ್ ಪ್ರಕಟಿಸಿದ ವಿಧಾನ ಮತ್ತು ಅದರ ನಂತರ ಬಂದ ಇಂಟೀರಿಯರ್ ಪಾಯಿಂಟ್ ವಿಧಾನಗಳು ಒಳಗಿನಿಂದ ಸಾಗುತ್ತವೆ. ಸಮಾನ ಖರ್ಚಿನ ಅಂಚು ಸಿಕ್ಕಿದರೆ ಅವು ಅದರ ನಡುವೆ ಎಲ್ಲೋ ನಿಲ್ಲಬಹುದು. ಎರಡೂ ಸರಿ. ನಿಮಗೆ ಯಾವುದು ಅನುಕೂಲ ಅಂತ ಎರಡನೇ ಗುರಿ ಒಂದನ್ನು ಕೊಟ್ಟು ಆರಿಸಿಕೊಳ್ಳಿ.

ಮೊತ್ತವೂ ಬೇರೆ ಬರುತ್ತಿದ್ದರೆ ಮೊದಲು ರ‍್ಯಾಂಡಮ್ ಸೀಡ್ (ಆಕಸ್ಮಿಕ ಅಂಕಿಗಳ ಸಾಲು ಶುರುವಾಗುವ ಅಂಕಿ) ಒಂದನ್ನು ಗಟ್ಟಿ ಮಾಡಿ. ಜೆನೆಟಿಕ್ ಅಲ್ಗಾರಿದಮ್, ಪಾರ್ಟಿಕಲ್ ಸ್ವಾರ್ಮ್, ಎಕ್ಸೆಲ್‌ನ ಎವಲ್ಯೂಶನರಿ ಇವೆಲ್ಲ ಆಕಸ್ಮಿಕ ಅಂಕಿಗಳ ಮೇಲೆ ನಡೆಯುತ್ತವೆ. ಸೀಡ್ ಗಟ್ಟಿಯಾಗದೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಆಮೇಲೆ ಶುರುವಿನ ಬಿಂದು ಬದಲಿಸಿ ನೋಡಿ. ಶುರು ಬದಲಾದಂತೆ ಉತ್ತರ ಬದಲಾದರೆ ನಿಮ್ಮ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು ತಗ್ಗುಗಳಿವೆ, ಅಂದರೆ ಸುತ್ತಮುತ್ತಲಿಗಿಂತ ಒಳ್ಳೆಯದಾದರೂ ಎಲ್ಲಕ್ಕಿಂತ ಒಳ್ಳೆಯದೇ ಆಗಬೇಕಿಲ್ಲದ ಉತ್ತರಗಳು. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರ ಕೂರಿಸುವ ಲೆಕ್ಕ ಇಂಥದ್ದೇ. ಮುಂದಿನ ಯಂತ್ರ ಗಾಳಿಯ ಶಕ್ತಿ ಹೀರಿದ ಮೇಲೆ ಹಿಂದಿನದಕ್ಕೆ ಸೊರಗಿದ ಗಾಳಿ ಸಿಗುತ್ತದೆ. ಒಂದನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಒಂದರ ನೆರಳು ತಪ್ಪುತ್ತದೆ, ಇನ್ನೊಂದರ ನೆರಳು ಬೀಳುತ್ತದೆ. ಎರಡು ಯಂತ್ರಗಳ ಜಾಗ ಅದಲುಬದಲು ಮಾಡಿದರೂ ಒಟ್ಟು ವಿದ್ಯುತ್ ಅಷ್ಟೇ. ಹೀಗಾಗಿ ಸಾವಿರಾರು ತಗ್ಗುಗಳು. ಒಂದೇ ಶುರುವಿನಿಂದ ಬಂದ ಉತ್ತರಕ್ಕೆ ಇಲ್ಲಿ "ಅತ್ಯುತ್ತಮ" ಅನ್ನಬಾರದು. ಹಲವು ಶುರುಗಳಿಂದ ಓಡಿಸಿ, ಎಲ್ಲ ಮೊತ್ತಗಳನ್ನೂ ಸಾಲಾಗಿ ಜೋಡಿಸಿ. ಮೇಲಿನ ಕೆಲವು ಮೊತ್ತಗಳು ಹತ್ತಿರ ಹತ್ತಿರ ಇದ್ದರೆ ನೆಮ್ಮದಿ. ಒಂದೇ ಒಂದು ಮೇಲೆ ಹಾರಿ ಉಳಿದವು ಕೆಳಗಿದ್ದರೆ ಇನ್ನೂ ಹುಡುಕಬೇಕು. ಎಕ್ಸೆಲ್‌ನ ಜಿಆರ್‌ಜಿ ವಿಧಾನದಲ್ಲಿ ಮಲ್ಟಿಸ್ಟಾರ್ಟ್ ಅನ್ನುವ ಆಯ್ಕೆ ಇದೇ ಕೆಲಸ ಮಾಡುತ್ತದೆ.

ಲಕ್ಷಣ: ಓಡುತ್ತಲೇ ಇದೆ, ಅಥವಾ ಶುರುವಲ್ಲೇ ನಿಂತುಬಿಡುತ್ತದೆ

ಹೆಚ್ಚು ಸಮಯ ತಿನ್ನುವ ದೋಷ ಇದು. ಅಗ್ಗದ ಪರೀಕ್ಷೆಗಳೂ ಇಲ್ಲೇ ಜಾಸ್ತಿ ಇವೆ.

ಅಂಕಿಗಳ ಗಾತ್ರ ಮೊದಲು. ಒಂದು ಚರ 0.00002, ಇನ್ನೊಂದು 50,00,000 ಇದ್ದರೆ ಯಾವ ವಿಧಾನವೂ ತಡವರಿಸುತ್ತದೆ. ಉಕ್ಕಿನ ಕಂಬಿಯ ಅಡ್ಡಕೊಯ್ತವನ್ನು ಚದರ ಮೀಟರಿನಲ್ಲೂ ಒತ್ತಡವನ್ನು ಪ್ಯಾಸ್ಕಲಿನಲ್ಲೂ ಇಟ್ಟ ಟ್ರಸ್ (ಕಂಬಿ ಜೋಡಿಸಿದ ಚೌಕಟ್ಟು) ಲೆಕ್ಕಗಳು ಹೀಗೇ ಇರುತ್ತವೆ. ಚದರ ಸೆಂಟಿಮೀಟರ್, ಮೆಗಾಪ್ಯಾಸ್ಕಲ್ ಮಾಡಿದರೆ ಅರ್ಧ ರೋಗ ವಾಸಿ. ಎಲ್ಲ ಚರಗಳೂ 0.01 ಮತ್ತು 100ರ ನಡುವೆ ಬರುವ ಹಾಗೆ ಅಳತೆಮಾನ ಆರಿಸಿ.

ಎರಡನೆಯದು, ಕೆಟ್ಟ ಅಂಕಿ. ಎನ್‌ಎಎನ್ (ಇದು ಅಂಕಿಯೇ ಅಲ್ಲ ಅನ್ನುವ ಗುರುತು) ಅಂತ ಎಲ್ಲಾದರೂ ಕಂಡರೆ ಅಲ್ಲೇ ನಿಲ್ಲಿ. ಸಾಲ್ವರ್ ನಡುವೆ ವಿಚಿತ್ರ ಜಾಗಗಳಿಗೆಲ್ಲ ಹೋಗಿ ಬರುತ್ತದೆ. ಅಲ್ಲಿ ಮೈನಸ್ ಅಂಕಿಯ ವರ್ಗಮೂಲವೋ ಸೊನ್ನೆಯ ಲಾಗೋ ಬರಬಹುದು. ಪೈಪಿನ ಲೆಕ್ಕದಲ್ಲಿ ಒತ್ತಡದ ನಷ್ಟ ಹೇಳುವ ಹೇಜನ್ ವಿಲಿಯಮ್ಸ್ ಸೂತ್ರ ಹರಿವನ್ನು 1.852ರ ಘಾತಕ್ಕೆ ಏರಿಸುತ್ತದೆ. ನೀರು ಉಲ್ಟಾ ಹರಿದು ಹರಿವು ಮೈನಸ್ ಆದ ಕ್ಷಣ ಲೆಕ್ಕ ಮುರಿಯುತ್ತದೆ. ಪರಿಹಾರ ಸರಳ. ಹರಿವನ್ನು ಹಾಗೇ ಇಟ್ಟು, ಅದರ ಚಿಹ್ನೆ ತೆಗೆದ ಬೆಲೆಯನ್ನು 0.852 ಘಾತಕ್ಕೆ ಏರಿಸಿ ಗುಣಿಸಿ. ದಿಕ್ಕೂ ಉಳಿಯುತ್ತದೆ, ಲೆಕ್ಕವೂ ಮುರಿಯುವುದಿಲ್ಲ.

ಮೂರನೆಯದು, ಮೆಟ್ಟಿಲುಗಳು. ಗುರಿಯೊಳಗೆ ಇಫ್, ರೌಂಡ್, ಲುಕಪ್ ಇದೆಯಾ? ಇಳಿಜಾರು ನೋಡಿ ನಡೆಯುವ ವಿಧಾನಗಳಿಗೆ ಮೆಟ್ಟಿಲಿನ ಮೇಲ್ಭಾಗ ಪೂರ್ತಿ ಸಮತಟ್ಟಾಗಿ ಕಾಣುತ್ತದೆ. "ಮುಗೀತು" ಅಂತ ಅಲ್ಲೇ ನಿಲ್ಲುತ್ತವೆ. ಶುರುವಿನ ಬಿಂದುವೇ ಉತ್ತರವಾಗಿ ವಾಪಸ್ ಬಂದರೆ ಮೊದಲು ಇದನ್ನೇ ಶಂಕಿಸಿ. ಎಕ್ಸೆಲ್‌ನಲ್ಲಿ ಸಿಂಪ್ಲೆಕ್ಸ್ ಎಲ್‌ಪಿ ಆರಿಸಿ "ಲೀನಿಯಾರಿಟಿ ಷರತ್ತು ಪಾಲನೆಯಾಗಿಲ್ಲ" ಅನ್ನುವ ಸಂದೇಶ ಬಂದರೂ ಹುಡುಕಬೇಕಾದ್ದು ಇಂಥದ್ದನ್ನೇ: ಒಂದು ಇಫ್, ಒಂದು ಮ್ಯಾಕ್ಸ್, ಅಥವಾ ಎರಡು ಚರಗಳ ಗುಣಾಕಾರ.

ನಾಲ್ಕನೆಯದು ಸ್ವಲ್ಪ ಶ್ರಮದ್ದು. ಇಳಿಜಾರನ್ನು, ಅಂದರೆ ಗ್ರೇಡಿಯೆಂಟನ್ನು, ನೀವೇ ಸೂತ್ರ ಬರೆದು ಕೊಟ್ಟಿದ್ದರೆ ಪರೀಕ್ಷಿಸಿ. ಒಂದು ಚರವನ್ನು ಚೂರು ಮುಂದೆ, ಚೂರು ಹಿಂದೆ ಸರಿಸಿ, ಗುರಿಯಲ್ಲಾದ ವ್ಯತ್ಯಾಸವನ್ನು ಒಟ್ಟು ಸರಿದ ದೂರದಿಂದ ಭಾಗಿಸಿ. ಸೂತ್ರದ ಅಂಕಿಯ ಜೊತೆ ಐದಾರು ಸ್ಥಾನ ತಾಳೆಯಾಗಬೇಕು. ಚರ 1ರ ಆಸುಪಾಸಿನದ್ದಾದರೆ ಸರಿಸುವ ದೂರ 0.00001 ಸಾಕು. ತೀರಾ ಚಿಕ್ಕದಾದರೆ ಕಂಪ್ಯೂಟರಿನ ಸುಮಾರು 16 ಅಂಕಿಗಳ ನಿಖರತೆಯೇ ಅಡ್ಡ ಬರುತ್ತದೆ. ಗುರಿಯ ಬೆಲೆ ಸಿಮ್ಯುಲೇಶನ್‌ನಿಂದ ಬರುತ್ತಿದ್ದರೆ ಇನ್ನೂ ದೊಡ್ಡ ಹೆಜ್ಜೆ ಬೇಕು, ಯಾಕೆಂದರೆ ಸಿಮ್ಯುಲೇಶನ್‌ನ ಒಳಗಿನ ಸಣ್ಣ ತಪ್ಪುಗಳಲ್ಲೇ ಈ ವ್ಯತ್ಯಾಸ ಮುಳುಗಿಹೋಗುತ್ತದೆ. ಸೈಪೈಯ ಬಿಎಫ್‌ಜಿಎಸ್ (ಇಳಿಜಾರು ನೋಡಿ ನಡೆಯುವ ಒಂದು ವಿಧಾನ) "ಪ್ರಿಸಿಶನ್ ಲಾಸ್" ಅಂತ ದೂರಿ ನಿಂತಾಗ ಈ ಎರಡನ್ನೂ ನೋಡಿ.

ಇವೆಲ್ಲ ಸರಿಯಿದ್ದೂ ನಿಧಾನವೇ ಅಂದರೆ ಆಗ ವಿಧಾನದ ಮಾತು. 1847ರಲ್ಲಿ ಕೌಶಿ ಹೇಳಿದ ಕಡಿದಾದ ಇಳಿಜಾರಿನ ವಿಧಾನ ಉದ್ದನೆಯ, ಕಿರಿದಾದ ಕಣಿವೆಯಲ್ಲಿ ಅತ್ತ ಇತ್ತ ಬಡಿದುಕೊಂಡು ಸಾಗುತ್ತದೆ. ಇದನ್ನು ನೋಡಬೇಕಿದ್ದರೆ 1960ರಲ್ಲಿ ಬಂದ ರೋಸೆನ್‌ಬ್ರಾಕ್ ಫಂಕ್ಷನ್ ತೆಗೆದುಕೊಳ್ಳಿ. (-1.2, 1)ರಿಂದ ಹೊರಟು (1, 1) ತಲುಪಬೇಕು. ಬಿಎಫ್‌ಜಿಎಸ್ ಕೆಲವು ಡಜನ್ ಸುತ್ತುಗಳಲ್ಲಿ ತಲುಪುತ್ತದೆ. ಕಡಿದಾದ ಇಳಿಜಾರಿನ ವಿಧಾನಕ್ಕೆ ಸಾವಿರಾರು ಸುತ್ತು ಬೇಕು.

ಲಕ್ಷಣ: ಪೂರ್ಣಾಂಕ ಬೇಕು ಅಂದ ತಕ್ಷಣ ಲೆಕ್ಕ ಜಡವಾಯಿತು

ಅಂಗಡಿಯಲ್ಲಿ ಪೈಪು 63, 75, 90 ಮಿಲಿಮೀಟರ್ ಅಂತ ಸಿಗುತ್ತದೆ. ಲೆಕ್ಕ 70 ಅನ್ನುತ್ತದೆ. ಕೆಳಗಿನ 63ಕ್ಕೆ ಇಳಿಸಿಬಿಡೋಣ ಅನಿಸುತ್ತದೆ. ಹಾಗೆ ಮಾಡಬೇಡಿ. ಒತ್ತಡದ ನಷ್ಟ ವ್ಯಾಸದ 4.87ರ ಘಾತಕ್ಕೆ ವಿಲೋಮವಾಗಿ ಹೋಗುತ್ತದೆ. ಒಳವ್ಯಾಸ 70ರಿಂದ 63ಕ್ಕೆ ಇಳಿದರೆ ನಷ್ಟ ಸುಮಾರು 1.67 ಪಟ್ಟು ಆಗುತ್ತದೆ. ತೋಟದ ತುದಿಯ ಅಡಿಕೆ ಗಿಡಕ್ಕೆ ನೀರು ಹನಿಯುವುದಿಲ್ಲ. ಅಂದಹಾಗೆ ಅಂಗಡಿಯವರು ಹೇಳುವ 63 ಹೊರವ್ಯಾಸ. ಲೆಕ್ಕಕ್ಕೆ ಬೇಕಾದ್ದು ಒಳವ್ಯಾಸ.

ಕವಲೊಡೆಯುವ, ಆದರೆ ಮತ್ತೆ ಕೂಡದ ಲೈನುಗಳಿಗೆ ಒಂದು ಚೆಂದದ ಉಪಾಯ ಇದೆ. ವ್ಯಾಸವನ್ನು ಚರ ಮಾಡಬೇಡಿ, ಪ್ರತಿ ಅಳತೆಯ ಪೈಪು ಎಷ್ಟು ಮೀಟರ್ ಅನ್ನುವುದನ್ನು ಚರ ಮಾಡಿ. ಹರಿವು ಮೊದಲೇ ಗೊತ್ತಿರುವುದರಿಂದ ಮೀಟರಿಗೆ ಎಷ್ಟು ನಷ್ಟ ಅನ್ನುವುದು ಬರೀ ಒಂದು ಅಂಕಿ. ಇಡೀ ಲೆಕ್ಕ ಲೀನಿಯರ್ ಆಗುತ್ತದೆ. ಉತ್ತರ "ಮೊದಲ 40 ಮೀಟರ್ 75, ಮುಂದೆ 63" ಅಂತ ಬರುತ್ತದೆ. ಹಾಗೇ ಕೊಂಡು ಹೂಳಬಹುದು.

ಪೂರ್ಣಾಂಕ ಬಿಡಲಾಗದಿದ್ದರೆ ಗ್ಯಾಪ್ ನೋಡಿ. ಸಿಕ್ಕಿರುವ ಉತ್ತರಕ್ಕೂ ಸಿಗಬಹುದಾದ ಅತಿ ಒಳ್ಳೆಯ ಮಿತಿಗೂ ಇರುವ ಅಂತರ ಅದು. ಶೇ. 1ಕ್ಕೆ ಇಳಿದಿದ್ದು ಅಲ್ಲೇ ನಿಂತಿದ್ದರೆ, ಮತ್ತು ನಿಮ್ಮ ಬೆಲೆಗಳೇ ಶೇ. 10 ಏರುಪೇರಾಗುವಂಥವಾದರೆ, ನಿಲ್ಲಿಸಿ. ಇನ್ನೊಂದು ರಾತ್ರಿ ಓಡಿಸಿ ಏನೂ ಸಿಗುವುದಿಲ್ಲ. "ಬಿಗ್ ಎಮ್" (0 ಅಥವಾ 1 ಆಗುವ ಚರದಿಂದ ನಿರ್ಬಂಧವನ್ನು ಚಾಲೂ, ಬಂದ್ ಮಾಡಲು ಅದಕ್ಕೆ ಗುಣಿಸುವ ದೊಡ್ಡ ಅಂಕಿ) ಬಳಸಿದ್ದರೆ ಅದನ್ನು ಆದಷ್ಟು ಚಿಕ್ಕದು ಮಾಡಿ. 100 ಕೋಟಿಯಂಥ ಅಂಕಿ ಹಾಕಿದರೆ, ಸಾಲ್ವರ್ 0 ಅಂತ ಒಪ್ಪಿಕೊಳ್ಳುವ 0.000001 ಕೂಡ 1000 ಆಗಿ ಹೊರಬರುತ್ತದೆ. ಮುಚ್ಚಿದ ಪಂಪಿನಿಂದ ನೀರು ಹರಿಯುವ ವಿಚಿತ್ರ ಉತ್ತರಗಳ ಮೂಲ ಇದೇ.

ಲಕ್ಷಣ: ಸ್ಟೇಟಸ್ ಸರಿ, ಅಂಕಿ ಸರಿ, ಆದರೆ ಜನ ಒಪ್ಪುತ್ತಿಲ್ಲ

ಇದನ್ನು ದೋಷ ಅಂತ ಬಹಳ ಜನ ಒಪ್ಪುವುದಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ದೊಡ್ಡ ದೋಷ ಇದೇ.

ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಲೆಕ್ಕ ಮಾಡಿದರು. 77 ಆಹಾರಗಳು, 9 ಪೋಷಕಾಂಶಗಳು, ಒಬ್ಬ ಮನುಷ್ಯನಿಗೆ ವರ್ಷಕ್ಕೆ ಅತಿ ಅಗ್ಗದ ಊಟ ಯಾವುದು ಅಂತ. ಕೈಲೆಕ್ಕದಲ್ಲಿ 39.93 ಡಾಲರ್ ಬಂತು. 1947ರಲ್ಲಿ ಸಿಂಪ್ಲೆಕ್ಸ್‌ನಿಂದ ಬಿಡಿಸಿದಾಗ 39.69. ಲೆಕ್ಕ ಅಷ್ಟು ನಿಖರ. ಆದರೆ ಸ್ಟಿಗ್ಲರ್ ಅವರ ಪಟ್ಟಿಯಲ್ಲಿದ್ದುದು ಗೋಧಿ ಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಅಷ್ಟೇ. ವರ್ಷಪೂರ್ತಿ ಯಾರು ತಿನ್ನುತ್ತಾರೆ? ರುಚಿ ಅನ್ನುವುದು ನಿರ್ಬಂಧದಲ್ಲಿ ಇರಲಿಲ್ಲ.

ನಮ್ಮ ಕಡೆಯ ರೂಪ ಇದಕ್ಕಿಂತ ಕಹಿ. ಭದ್ರಾ ಬಲದಂಡೆ ನಾಲೆಯ ನೀರನ್ನು ಒಟ್ಟು ಇಳುವರಿ ಹೆಚ್ಚುವ ಹಾಗೆ ಹಂಚಿ ಅಂತ ಬರೆಯಿರಿ. ದಾರಿಯಲ್ಲಿ ನೀರು ಇಂಗುತ್ತದೆ, ಆವಿಯಾಗುತ್ತದೆ. ನಾಲೆಯ ಕೊನೆಗೆ ಒಂದು ಪಾಲು ನೀರು ಮುಟ್ಟಿಸಲು ಮೇಲೆ ಜಾಸ್ತಿ ಬಿಡಬೇಕು. ಹಾಗಾಗಿ ಸಾಲ್ವರ್ ಮೇಲ್ಭಾಗಕ್ಕೆಲ್ಲ ಕೊಟ್ಟು ಕೊನೆ ಭಾಗದ ರೈತರಿಗೆ ಸೊನ್ನೆ ಬರೆಯುತ್ತದೆ. ದಾವಣಗೆರೆ ಸುತ್ತಲಿನ ಕೊನೆ ಭಾಗದ ರೈತರು ಪ್ರತಿ ಬೇಸಿಗೆಯಲ್ಲಿ ನೀರಿಗಾಗಿ ಕೂಗುವುದನ್ನು ಕೇಳಿದವರಿಗೆ ಆ ಸೊನ್ನೆಯ ಅರ್ಥ ಗೊತ್ತು. ಇಲ್ಲಿ ಗುರಿಯನ್ನೇ ತಿದ್ದಬೇಕು. ಒಂದು ದಾರಿ, ಪ್ರತಿ ವಿತರಣಾ ನಾಲೆಗೂ ಕನಿಷ್ಠ ಪಾಲು. ಇನ್ನೂ ಒಳ್ಳೆಯದು, ಎಲ್ಲರಿಗಿಂತ ಕಡಿಮೆ ಸಿಗುವವರ ಪಾಲನ್ನೇ ಹೆಚ್ಚಿಸುವುದು. "ಟಿ" ಅಂತ ಹೊಸ ಚರ ತನ್ನಿ. ಪ್ರತಿ ನಾಲೆಯಲ್ಲೂ ಎಕರೆಗೆ ಸಿಗುವ ನೀರು ಟಿಗಿಂತ ಕಡಿಮೆ ಇರಬಾರದು ಅಂತ ಬರೆಯಿರಿ. ಟಿಯನ್ನು ಹೆಚ್ಚಿಸಿ. ಲೆಕ್ಕ ಲೀನಿಯರ್ ಆಗಿಯೇ ಉಳಿಯುತ್ತದೆ.

ಲಕ್ಷಣ: ಹಾಳೆಯ ಮೇಲೆ ಚೆನ್ನಾಗಿದೆ, ಹೊಲದಲ್ಲಿ ಕೈಕೊಡುತ್ತದೆ

ಅತ್ಯುತ್ತಮ ಉತ್ತರ ಸಾಮಾನ್ಯವಾಗಿ ನಿರ್ಬಂಧದ ಅಂಚಿನ ಮೇಲೆ ನಿಂತಿರುತ್ತದೆ. ಚೂರು ಅಲುಗಿದರೆ ಆಚೆ ಬೀಳುತ್ತದೆ. ನಮ್ಮ 25-75 ಮಿಶ್ರಣದಲ್ಲಿ ಈ ಸಲದ ಮೆಕ್ಕೆಜೋಳದ ಪ್ರೋಟೀನ್ 9ರ ಬದಲು 8 ಇದ್ದರೆ ಒಟ್ಟು 17.25ಕ್ಕೆ ಇಳಿಯುತ್ತದೆ. ಒಂದು ಅಂಕ ಹೆಚ್ಚು ಬೇಡಿ, 19ಕ್ಕೆ ಇಟ್ಟರೆ ಎಷ್ಟು ಖರ್ಚು? ಶ್ಯಾಡೋ ಪ್ರೈಸ್ ಹೇಳುತ್ತದೆ: 100 ಕೆಜಿಗೆ ಸುಮಾರು 58 ರೂಪಾಯಿ. ಸೆನ್ಸಿಟಿವಿಟಿ ವರದಿಯನ್ನು ತೆರೆದು ಈ ಅಂಕಿ ನೋಡಿ. ಸುರಕ್ಷತೆಯ ಬೆಲೆ ಎಷ್ಟು ಅಂತ ತಿಳಿಯುವುದು ಅಲ್ಲಿಂದಲೇ. ಆಮೇಲೆ ಎಲ್ಲ ಅಂಕಿಗಳನ್ನೂ ಸ್ವಲ್ಪ ಸ್ವಲ್ಪ ಅಲುಗಿಸಿ ಮತ್ತೆ ಓಡಿಸಿ. ಉತ್ತರ ಪೂರ್ತಿ ಬೇರೆ ಕಡೆ ಹಾರಿದರೆ ಅದನ್ನು ನಂಬಿ ದುಡ್ಡು ಹಾಕಬೇಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಟ್ರಸ್, ಕಟ್ಟಡ, ನೀರಿನ ಟ್ಯಾಂಕ್, ವಿದ್ಯುತ್ ಲೈನ್, ಪ್ರಾಣಿಗಳ ಮೇವು ಇವುಗಳಲ್ಲಿ ಸಾಲ್ವರ್ ಕೊಟ್ಟ ಉತ್ತರವನ್ನು ನೇರವಾಗಿ ಜಾರಿಗೆ ತರಬೇಡಿ. ಹಗುರ ಮಾಡಿ ಅಂದರೆ ಸಾಲ್ವರ್ ಸುರಕ್ಷತೆಗಾಗಿ ಬಿಟ್ಟ ಪ್ರತಿ ಗ್ರಾಮನ್ನೂ ಕಿತ್ತು ಹಾಕುತ್ತದೆ. ತೆಳ್ಳನೆಯ ಕಂಬಿ ಬಾಗಿ ಕುಸಿಯುವ ಪರೀಕ್ಷೆಯನ್ನು ನೀವು ಬರೆಯದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅನುಭವಿ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ಬೇರೆಯಾಗಿ ಪರೀಕ್ಷೆ ಆಗಲೇಬೇಕು.

ವಕ್ರ ಗುರಿ ಮತ್ತು ಪೂರ್ಣಾಂಕ ಎರಡೂ ಒಟ್ಟಿಗೆ ಬಂದರೆ, ಅಥವಾ ಒಂದು ಸಲ ಗುರಿಯ ಬೆಲೆ ತಿಳಿಯಲು ಗಂಟೆಗಟ್ಟಲೆ ಸಿಮ್ಯುಲೇಶನ್ ಬೇಕಾದರೆ, ಒಬ್ಬರೇ ಒದ್ದಾಡಬೇಡಿ. ಕಾಲೇಜಿನ ಗಣಿತ ಅಥವಾ ಮೆಕ್ಯಾನಿಕಲ್ ವಿಭಾಗದಲ್ಲಿ ಆಪರೇಶನ್ಸ್ ರಿಸರ್ಚ್ ಕಲಿಸುವವರ ಹತ್ತಿರ ಹೋಗಿ. ಹೋಗುವಾಗ ಇಡೀ ಕೋಡ್ ಹೊತ್ತುಕೊಂಡು ಹೋಗಬೇಡಿ. ದೋಷ ಇನ್ನೂ ಕಾಣುವ ಅತಿ ಚಿಕ್ಕ ಮಾದರಿ, ಸ್ಟೇಟಸ್ ಸಾಲು ಇದ್ದದ್ದು ಇದ್ದ ಹಾಗೆ, ಸಾಲ್ವರ್‌ನ ಹೆಸರು ಮತ್ತು ಆವೃತ್ತಿ, ಶುರುವಿನ ಬಿಂದು, ಸೀಡ್, ಪ್ರತಿ ಚರದ ಅಳತೆಮಾನ. ಜೊತೆಗೆ ಒಂದು ಹಾಳೆಯಲ್ಲಿ ಗುರಿ ಮತ್ತು ನಿರ್ಬಂಧಗಳನ್ನು ಕನ್ನಡದಲ್ಲೇ ವಾಕ್ಯಗಳಾಗಿ ಬರೆದುಕೊಳ್ಳಿ. ಅದನ್ನು ಬರೆಯುವಾಗಲೇ ಬಿಟ್ಟುಹೋದ ನಿರ್ಬಂಧ ಕಣ್ಣಿಗೆ ಬಿದ್ದು, ಹೊರಟವರು ಮತ್ತೆ ಕಂಪ್ಯೂಟರ್ ಮುಂದೆ ಕೂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.